ರಿಕಿಟೇಯಾದ ಪ್ರಧಾನಾಲಯವೂ ಅದನ್ನು ಕಟ್ಟಿದ ಹಳ್ಳಿಗಳೂ

ತಾಹಿತಿಯಿಂದ ಆಗ್ನೇಯಕ್ಕೆ ಸುಮಾರು 1,600 ಕಿಲೋಮೀಟರು ದೂರದ ಗ್ಯಾಂಬಿಯರ್ ದ್ವೀಪಸಮೂಹದಲ್ಲಿ, ಮಂಗರೇವಾ ಎಂಬ ಪುಟ್ಟ ದ್ವೀಪದ ರಿಕಿಟೇಯಾ ಗ್ರಾಮದಲ್ಲಿ, ಡಫ್ ಪರ್ವತದ ಅಡಿಯಲ್ಲಿ ಅವಳಿ ಗೋಪುರಗಳನ್ನೆತ್ತಿ ನಿಂತ ಸಂತ ಮಿಕೇಲರ ಪ್ರಧಾನಾಲಯವನ್ನು ಕಂಡವರು, ಇಷ್ಟು ಸಣ್ಣ ನಾಡಿಗೆ ಇಷ್ಟು ದೊಡ್ಡ ದೇಗುಲವೇಕೆ ಎಂದು ವಿಸ್ಮಿತರಾಗುವುದು ಸಹಜ. ಆದರೆ ಈ ಪ್ರಶ್ನೆಗೆ ಉತ್ತರವು ಗೋಪುರದಲ್ಲಿಲ್ಲ, ಸುತ್ತಣ ಹಳ್ಳಿಗಳಲ್ಲಿದೆ.

1834ರಲ್ಲಿ ಇಲ್ಲಿ ಬಂದಿಳಿದ ಫ್ರೆಂಚ್ ಪಾದ್ರಿಗಳಾದ ಹೊನೋರೆ ಲಾವಾಲ್ ಮತ್ತು ಫ್ರಾಂಸ್ವಾ ಕಾರೆ ಎರಡೇ ವರ್ಷಗಳಲ್ಲಿ ಅರಸ ಮಾಪುತೇಓವಾನಿಗೆ ದೀಕ್ಷಾಸ್ನಾನವನ್ನಿತ್ತರು. ಪೂರ್ವದೇವತೆಗಳ ಪೂಜಾಸ್ಥಾನಗಳು ಧ್ವಂಸವಾದವು. ಅನಂತರ 1839ರಿಂದ 1848ರವರೆಗೆ ದ್ವೀಪವಾಸಿಗಳು ಕಡಲಿನ ಹವಳದ ಬಂಡೆಗಳನ್ನು ಕಡಿದು ಹೊತ್ತು ತಂದು ಗೋಡೆಗಳನ್ನೆತ್ತಿ, ಬಲಿಪೀಠವನ್ನು ತಮ್ಮ ಕಡಲಕೊಳದ ಮುತ್ತಿನ ಚಿಪ್ಪಿನಿಂದ ಅಲಂಕರಿಸಿದರು. ತಾರಾವಾಯಿ, ಆಕಾಮಾರು ಮೊದಲಾದ ನೆರೆಯ ದ್ವೀಪಗಳಲ್ಲಿಯೂ ಚರ್ಚುಗಳೆದ್ದವು. ರಿಕಿಟೇಯಾದ ಮೇಲಣ ಇಳಿಜಾರಿನಲ್ಲಿ ರೂರು ಕನ್ಯಾಮಠವೆದ್ದಿತು. ಅದೇ ಶತಮಾನದಲ್ಲಿ ಹೊರಗಿನಿಂದ ಬಂದ ರೋಗಗಳು ಜನಸಂಖ್ಯೆಯನ್ನು ಕೆಲವೇ ನೂರಕ್ಕಿಳಿಸಿದವು. ಲಾವಾಲರನ್ನು 1871ರಲ್ಲಿ ತಾಹಿತಿಗೆ ಸಾಗಹಾಕಲಾಯಿತು.

ಲಾವಾಲರನ್ನು ಧರ್ಮವೀರರೆಂದು ಸ್ತುತಿಸುವವರೂ, ಬಲಾತ್ಕಾರದ ದುಡಿಮೆಯಿಂದ ಜನಾಂಗವನ್ನು ನವೆಸಿದ ನಿರಂಕುಶರೆಂದು ನಿಂದಿಸುವವರೂ ಒಂದು ವಿಷಯದಲ್ಲಿ ಏಕಮತೀಯರು: ಇಬ್ಬರಿಗೂ ಕಥಾನಾಯಕ ಲಾವಾಲರೊಬ್ಬರೇ. ಕಲ್ಲಿನ ಜಗಲಿಗಳನ್ನು ಕಟ್ಟಬಲ್ಲವರಾಗಿದ್ದ, ಚಿಪ್ಪಿಗಾಗಿ ಮುಳುಗಬಲ್ಲವರಾಗಿದ್ದ ಮಂಗರೇವರ ಕೌಶಲವೂ, ಅವರಲ್ಲಿ ಕೆಲವರಿಗಾದರೂ ಇದ್ದಿರಬಹುದಾದ ಭಕ್ತಿಯೂ ಇವೆರಡು ಪಕ್ಷಗಳ ವಾದದಲ್ಲಿ ಲುಪ್ತವಾಗುತ್ತವೆ. ಅನ್ಯರ ಸಂಕಲ್ಪದ ಭಾರ ಈ ದ್ವೀಪಕ್ಕೆ ಅಲ್ಲಿಗೇ ಮುಗಿಯಲೂ ಇಲ್ಲ. 1966ರ ಜುಲೈಯಲ್ಲಿ ಮೊರುರೋವಾ ಹವಳದ್ವೀಪದಲ್ಲಿ ಫ್ರಾನ್ಸು ನಡೆಸಿದ ಮೊದಲ ಪರಮಾಣು ಸ್ಫೋಟದ ವಿಕಿರಣಧೂಳಿ ಇಲ್ಲಿಯೇ ಬಿದ್ದಿತು.

ಶಿಥಿಲವಾಗಿದ್ದ ಪ್ರಧಾನಾಲಯದ ಜೀರ್ಣೋದ್ಧಾರವು ಕಳೆದ ದಶಕದ ಆರಂಭದಲ್ಲಿ ಮುಗಿದುದು ಶ್ಲಾಘ್ಯವೇ. ಆದರೆ ರೂರುವಿನ ಭಗ್ನ ಗೋಡೆಗಳನ್ನೂ, ಜನ ವಿರಳವಾದ ತಾರಾವಾಯಿಯ ಚರ್ಚನ್ನೂ ಅದೇ ಶ್ರದ್ಧೆಯಿಂದ ಕಾಪಾಡದೆ, ಪ್ರಧಾನಾಲಯವೊಂದನ್ನೇ ಪ್ರದರ್ಶಿಸುವುದು ಅರ್ಧಸತ್ಯವನ್ನು ಮೆರೆಸಿದಂತೆ. ಮುಂದಿನ ಧನವಿನಿಯೋಗವು ಈ ಹಳ್ಳಿಗಳಿಗೆ ಸಲ್ಲಬೇಕು; ಅಲ್ಲಿನ ಚರಿತ್ರೆಯನ್ನು ಮಂಗರೇವಾ ಭಾಷೆಯಲ್ಲಿ, ಕಟ್ಟಿದವರ ವಂಶಸ್ಥರ ಬಾಯಿಂದಲೇ ಹೇಳಿಸಬೇಕು. ಲಾವಾಲರಿಗೆ ಸಲ್ಲಬೇಕಾದ ಹೊಗಳಿಕೆಯನ್ನೂ ತೆಗಳಿಕೆಯನ್ನೂ ನಿರ್ಣಯಿಸುವ ಮೊದಲ ಅಧಿಕಾರವು ಆ ವಂಶಸ್ಥರದು.