ಕೂಸಿನ ಕುತ್ತಿಗೆಯಲ್ಲಿ ಗಂಟು: ಮೊದಲು ಟಾರ್ಚು, ಆಮೇಲೆ ಕತ್ತರಿ

ಲ್ಯಾಬಿನಲ್ಲಿ ಸರ್ಕ್ಯೂಟ್ ಕೈಕೊಟ್ಟರೆ ನಾವು ಮೊದಲು ಮಲ್ಟಿಮೀಟರ್ ಹಿಡೀತೀವಿ. ತಪ್ಪು ಎಲ್ಲಿದೆ ಅಂತ ಗೊತ್ತಾಗೋ ಮುಂಚೆ ಯಾರೂ ಸೋಲ್ಡರಿಂಗ್ ಐರನ್ ಮುಟ್ಟಲ್ಲ. ಹಸುಗೂಸಿನ ಕುತ್ತಿಗೆಯಲ್ಲಿ ಗಂಟು ಕಂಡಾಗಲೂ ಇದೇ ಶಿಸ್ತು ಬೇಕು ಅನ್ನೋದು ನನ್ನ ವಾದ. ಎಣ್ಣೆ ಹಚ್ಚಿ ತಿಕ್ಕಿ ಕರಗಿಸಲು ಹೋಗುವುದೂ ತಪ್ಪು, ಕ್ಯಾನ್ಸರ್ ಇರಬಹುದೆಂದು ಗಾಬರಿಬಿದ್ದು "ದೊಡ್ಡ ಸ್ಕ್ಯಾನೇ ಬರೆದುಕೊಡಿ ಡಾಕ್ಟ್ರೇ" ಅಂತ ಹಟ ಹಿಡಿಯುವುದೂ ತಪ್ಪು.

ಗಂಟುಗಳೆಲ್ಲ ಒಂದೇ ಜಾತಿಯವಲ್ಲ. ಹುಟ್ಟಿದ 2ರಿಂದ 4 ವಾರಕ್ಕೆ ಕುತ್ತಿಗೆಯ ಪಕ್ಕದ ಸ್ನಾಯುವಿನಲ್ಲಿ ಗಟ್ಟಿ ಗಂಟು ಬಂದು, ಮಗು ತಲೆಯನ್ನು ಅದೇ ಕಡೆಗೆ ವಾಲಿಸಿ ಗಲ್ಲವನ್ನು ಆಚೆ ತಿರುಗಿಸುತ್ತಿದ್ದರೆ ಅದು ಫೈಬ್ರೊಮಾಟೋಸಿಸ್ ಕೊಲೈ ಇರುವ ಸಾಧ್ಯತೆ ಹೆಚ್ಚು. ಹೆಸರು ಭಯಂಕರ, ಕಾಯಿಲೆ ಸಾಧು. ಫಿಸಿಯೋಥೆರಪಿಸ್ಟ್ ಹೇಳಿಕೊಡುವ ವ್ಯಾಯಾಮದಿಂದಲೇ ಬಹುಪಾಲು ಮಕ್ಕಳು ಕೆಲವು ತಿಂಗಳಲ್ಲಿ ಸರಿಹೋಗುತ್ತಾರೆ. ಊತ ಮೆತ್ತಗಿದ್ದು, ಟಾರ್ಚ್ ಹಿಡಿದಾಗ ಬೆಳಕು ಹಾಯ್ದರೆ ನೀರು ತುಂಬಿದ ಚೀಲದಂಥ ಸಿಸ್ಟಿಕ್ ಹೈಗ್ರೋಮಾ ನೆನಪಾಗಬೇಕು. ನಟ್ಟನಡುವೆ ಇದ್ದರೆ ಥೈರೊಗ್ಲಾಸಲ್ ಸಿಸ್ಟ್ ಮೇಲೆ ಅನುಮಾನ.

ಕಣ್ಣು, ಕೈ, ಟಾರ್ಚು ಆದಮೇಲೆ ಬರಬೇಕಾದದ್ದು ಅಲ್ಟ್ರಾಸೌಂಡ್. ಇದರಲ್ಲಿ ವಿಕಿರಣವಿಲ್ಲ, ಮಗುವಿಗೆ ಮಂಪರು ಬರಿಸಬೇಕಿಲ್ಲ, ಅಮ್ಮನ ತೊಡೆ ಮೇಲೆ ಮಲಗಿಸಿಕೊಂಡೇ ಮಾಡಬಹುದು. ಗಂಟು ಸ್ನಾಯುವಿನೊಳಗಿದೆಯೋ ಹೊರಗಿದೆಯೋ, ಒಳಗೆ ನೀರಿದೆಯೋ ಗಟ್ಟಿಯೋ ಅನ್ನೋದು ಅಲ್ಲೇ ತಿಳಿಯುತ್ತೆ. ನಡುವಿನ ಗಂಟಿಗಂತೂ ಈ ಹೆಜ್ಜೆ ತಪ್ಪಿಸಲೇಬಾರದು. ಕೆಲವೊಮ್ಮೆ ಆ ಗಂಟೇ ಮಗುವಿಗಿರುವ ಏಕೈಕ ಥೈರಾಯ್ಡ್ ಆಗಿರುತ್ತೆ! ನೋಡದೆ ಕತ್ತರಿಸಿದರೆ ಜೀವನಪರ್ಯಂತ ಮಾತ್ರೆ.

ಸಿ.ಟಿ., ಎಂ.ಆರ್.ಐ., ಬಯಾಪ್ಸಿ ಬೇಡವೇ ಬೇಡ ಅಂತ ನಾನು ಹೇಳ್ತಿಲ್ಲ. ಅಲ್ಟ್ರಾಸೌಂಡ್ ಉತ್ತರ ಕೊಡದಿದ್ದಾಗ, ಗಂಟು ಆಳಕ್ಕೆ ಹಬ್ಬಿದಾಗ, ಲಕ್ಷಣಗಳು ಹೊಂದದಿದ್ದಾಗ ಅವು ಬೇಕೇ ಬೇಕು. ಉಸಿರಾಡುವಾಗ ಸದ್ದು, ಹಾಲು ಕುಡಿಯಲು ಕಷ್ಟ, ಜ್ವರ, ಗಂಟು ಬೇಗಬೇಗ ದೊಡ್ಡದಾಗುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಓಡಬೇಕು.

ಇನ್ನೊಂದು ಮಾತು. ಎಷ್ಟೋ ಮನೆಗಳಲ್ಲಿ ಗಂಟು ಮೊದಲು ಸಿಗುವುದು ಮಗುವಿಗೆ ನೀರು ಹಾಕುವ ಅಜ್ಜಿಯ ಕೈಗೆ. ಯಾವತ್ತು ಕಂಡಿತು, ಅತ್ತಾಗ ಉಬ್ಬುತ್ತಾ, ಬೆಳೀತಿದೆಯಾ ಎಂಬುದಕ್ಕೆಲ್ಲ ಅವರ ಹತ್ತಿರ ಉತ್ತರವಿರುತ್ತೆ. ಡಾಕ್ಟರ ಹತ್ತಿರ ಹೋಗುವಾಗ ಅಜ್ಜಿಯನ್ನೂ ಕರ್ಕೊಂಡು ಹೋಗಿ. ಮುಂದಿನ ಪ್ರತಿ ಪರೀಕ್ಷೆಗೂ ಒಂದೇ ಪ್ರಶ್ನೆ ಕೇಳಿ: "ಡಾಕ್ಟ್ರೇ, ಇದರಿಂದ ಹೊಸದಾಗಿ ಏನು ಗೊತ್ತಾಗುತ್ತೆ?"