ಟೇಬಲ್ ಮೇಲಿನ ಆ ಅರ್ಧ ಗಂಟೆ

ಕಳೆದ ವರ್ಷ ಪುಣೆಯ ಆಸ್ಪತ್ರೆಯೊಂದರಲ್ಲಿ ನನ್ನ ತಂಗಿಗೆ ಅಂಡಾಶಯದ ಗಡ್ಡೆಯ ಆಪರೇಷನ್ ಆಯಿತು. ಹಿಂದಿನ ಸಂಜೆ ಒಪ್ಪಿಗೆ ಪತ್ರ ಕೊಟ್ಟರು. ‘ಅಗತ್ಯಬಿದ್ದರೆ ಗರ್ಭಕೋಶ, ಎರಡೂ ಅಂಡಾಶಯ ತೆಗೆಯಲು ಒಪ್ಪಿಗೆ’ ಎಂಬ ಸಾಲಿನ ಬಳಿ ಅವಳ ಪೆನ್ನು ನಿಂತಿತು. ವಯಸ್ಸು 29, ಇನ್ನೂ ಮಕ್ಕಳಾಗಿಲ್ಲ. ‘ಅಗತ್ಯ ಅಂತ ಯಾವಾಗ ಗೊತ್ತಾಗುತ್ತೆ ಅಣ್ಣಾ?’ ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರದ ಹೆಸರು ಫ್ರೋಜನ್ ಸೆಕ್ಷನ್. ಅಂಡಾಶಯದ ಗಡ್ಡೆಗೆ ಮೊದಲೇ ಸೂಜಿ ಚುಚ್ಚಿ ಪರೀಕ್ಷಿಸಲು ವೈದ್ಯರು ಸಾಮಾನ್ಯವಾಗಿ ಹಿಂಜರಿಯುತ್ತಾರೆ. ಕ್ಯಾನ್ಸರ್ ಆಗಿದ್ದರೆ ಅದರ ಜೀವಕೋಶಗಳು ಹೊಟ್ಟೆಯೊಳಗೆ ಚೆಲ್ಲುವ ಭಯ. ಸ್ಕ್ಯಾನ್, ರಕ್ತಪರೀಕ್ಷೆಗಳು ಅನುಮಾನ ಹುಟ್ಟಿಸಬಲ್ಲವು, ಖಾತ್ರಿ ಕೊಡಲಾರವು. ಹಾಗಾಗಿ ರೋಗಿ ಟೇಬಲ್ ಮೇಲಿರುವಾಗಲೇ ಗಡ್ಡೆ ಲ್ಯಾಬಿಗೆ ಹೋಗುತ್ತದೆ. ಪೆಥಾಲಜಿಸ್ಟ್ ಅದರ ತುಣುಕನ್ನು ಸುಮಾರು ಮೈನಸ್ 20 ಡಿಗ್ರಿಯಲ್ಲಿ ಹೆಪ್ಪುಗಟ್ಟಿಸಿ, ತೆಳುವಾಗಿ ಕೊಯ್ದು, ಬಣ್ಣ ಹಾಕಿ ನೋಡಿ, ಅರ್ಧ ಗಂಟೆಯ ಆಸುಪಾಸಿನಲ್ಲಿ ಸರ್ಜನ್‌ಗೆ ತಿಳಿಸುತ್ತಾರೆ. ಮೇಯೋ ಕ್ಲಿನಿಕ್‌ನ ಲೂಯಿಸ್ ವಿಲ್ಸನ್ ಈ ವಿಧಾನವನ್ನು ಪ್ರಕಟಿಸಿದ್ದು 1905ರಲ್ಲಿ.

ಇದೂ ತಪ್ಪಬಹುದು. 2016ರ ಕಾಕ್ರೇನ್ ವಿಮರ್ಶೆಯ ಲೆಕ್ಕದಂತೆ, 1000 ಮಹಿಳೆಯರಲ್ಲಿ 290 ಮಂದಿಗೆ ಕ್ಯಾನ್ಸರ್ ಇದ್ದರೆ 261 ಮಂದಿಯಲ್ಲಿ ಸಿಕ್ಕಿಬೀಳುತ್ತದೆ, 29 ಮಂದಿಯಲ್ಲಿ ತಪ್ಪಿಸಿಕೊಳ್ಳುತ್ತದೆ. ಇಲ್ಲದ ಕ್ಯಾನ್ಸರ್ ‘ಇದೆ’ ಎನ್ನುವುದು 4 ಮಂದಿಯಲ್ಲಿ. ಸಾಫ್ಟ್‌ವೇರ್ ಕೆಲಸದಲ್ಲಿ ನಾವು ಎಲ್ಲ ತಪ್ಪುಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಸರಿಪಡಿಸಬಹುದಾದ ತಪ್ಪು ಬೇರೆ, ಆಗದ್ದು ಬೇರೆ. ತಪ್ಪಿಸಿಕೊಂಡದ್ದನ್ನು ಕೆಲ ದಿನಗಳ ನಂತರದ ಪೂರ್ಣ ವರದಿ ಹಿಡಿದರೆ ಎರಡನೇ ಆಪರೇಷನ್ ಮಾಡಬಹುದು. ತೆಗೆದ ಗರ್ಭಕೋಶವನ್ನು ಮರಳಿ ಇಡಲಾಗದು. ದೊಡ್ಡ ಗಡ್ಡೆಯ ಒಂದೆರಡು ತುಣುಕು ನೋಡಿ ‘ಬಾರ್ಡರ್‌ಲೈನ್’ ಎಂದಾಗಲಂತೂ ಇದು ಇನ್ನಷ್ಟು ನಿಜ.

ಇದನ್ನೆಲ್ಲ ವಿವರಿಸಿದ ಸರ್ಜನ್, ‘ಅನುಮಾನವಿದ್ದರೆ ಒಂದು ಅಂಡಾಶಯ ಮಾತ್ರ’ ಎಂದು ಫಾರ್ಮಿನಲ್ಲೇ ಬರೆದರು. ಮರುದಿನ ಬಂದ ಉತ್ತರ ಬಾರ್ಡರ್‌ಲೈನ್. ಹತ್ತು ದಿನಗಳ ನಂತರದ ಪೂರ್ಣ ವರದಿಯೂ ಅದನ್ನೇ ಹೇಳಿತು. ಅವಳ ಇನ್ನೊಂದು ಅಂಡಾಶಯ, ಗರ್ಭಕೋಶ ಉಳಿದವು.

ಆದರೆ ಆ ಸಾಲು ಸೇರಿದ್ದು ಅವಳು ಕೇಳಿದ್ದರಿಂದ. ಕೇಳಲು ತೋಚದವರ ಪಾಡೇನು? ಇಂಥ ಆಪರೇಷನ್ನಿನ ಒಪ್ಪಿಗೆ ಪತ್ರದಲ್ಲಿ, ರೋಗಿಯ ಭಾಷೆಯಲ್ಲೇ, ಮೂರು ವಿಷಯ ಇರಲೇಬೇಕು: ಇಲ್ಲಿ ಫ್ರೋಜನ್ ಸೆಕ್ಷನ್ ಇದೆಯೇ? ಇಲ್ಲದಿದ್ದರೆ ಎಲ್ಲಿಗೆ ಕಳಿಸುತ್ತೀರಿ? ಉತ್ತರ ಅನುಮಾನದ್ದಾದರೆ ಏನು ಉಳಿಸುತ್ತೀರಿ?

ಊರಿನಿಂದ ಫೋನ್ ಮಾಡಿ ‘ಯಾವ ಆಸ್ಪತ್ರೆ ಒಳ್ಳೇದು?’ ಎನ್ನುವವರಿಗೆ ನಾನೀಗ ಆಸ್ಪತ್ರೆಯ ಹೆಸರು ಹೇಳುವ ಮೊದಲು ಈ ಮೂರು ಪ್ರಶ್ನೆ ಬರೆಸುತ್ತೇನೆ.