ಪರವಾನಗಿ ಮೊದಲೋ, ವಾಹನ ಮೊದಲೋ?

ಪೆರುಂಗುಡಿಯ ಹಳೆಯ ಮಹಾಬಲಿಪುರಂ ರಸ್ತೆಯಲ್ಲಿ 2021ರ ಆಗಸ್ಟ್ 30ರಿಂದ ಸುಂಕ ವಸೂಲಿ ನಿಂತಿತು. ಸುಂಕದ ಕಟ್ಟೆಯೇನೋ ಹೋಯಿತು. ಆದರೆ ಅಂಗವಿಕಲರ ಪಾಲಿಗೆ ಅದೇ ದಾರಿಯಲ್ಲಿ ಕಣ್ಣಿಗೆ ಕಾಣದ ಕಟ್ಟೆಗಳು ಇನ್ನೂ ಉಳಿದಿವೆ.

ನಮಗೆ ಪರಿಚಿತವಾದ ಕನ್ನಡ ಕುಟುಂಬವೊಂದರ ಮಗಳು ಅಲ್ಲಿನ ತಂತ್ರಾಂಶ ಸಂಸ್ಥೆಯೊಂದರಲ್ಲಿ ಉದ್ಯೋಗಿ. ಬಾಲ್ಯದಲ್ಲಿ ತಗುಲಿದ ಪೋಲಿಯೋದಿಂದ ಆಕೆಯ ಎರಡೂ ಕಾಲುಗಳು ದುರ್ಬಲ. ದಿನವೂ ತಂದೆಯೇ ಕರೆದೊಯ್ದು ಕರೆತರುತ್ತಾರೆ. ಅವರಿಗೀಗ ಎಪ್ಪತ್ತು ದಾಟಿದೆ. "ನನ್ನ ಕೈಲಾಗದ ದಿನ ಇವಳ ಗತಿಯೇನು?" ಎಂಬ ಅವರ ಪ್ರಶ್ನೆ ನಮ್ಮನ್ನೂ ಕಾಡಿದೆ.

ಕಾನೂನು ಅಡ್ಡಿಯಾಗಿಲ್ಲ. 1988ರ ಮೋಟಾರು ವಾಹನ ಕಾಯ್ದೆಯು ಇಂಥವರ ವಾಹನವನ್ನು 'ಇನ್‌ವ್ಯಾಲಿಡ್ ಕ್ಯಾರೇಜ್' ಎಂದು ಹೆಸರಿಸಿ, ಅದು ಅವರಿಗೆಂದೇ ನಿರ್ಮಾಣವಾಗಿರಬೇಕು, ಬರಿಯ ಮಾರ್ಪಾಡು ಸಾಲದು ಎಂದಿತ್ತು. 2019ರ ತಿದ್ದುಪಡಿಯು ಆ ಪದವನ್ನು ಕೈಬಿಟ್ಟು, ಮಾರ್ಪಡಿಸಿದ ವಾಹನವನ್ನೂ ಮಾನ್ಯ ಮಾಡಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 41ನೆಯ ಕಲಮು ವಾಹನ ಮಾರ್ಪಾಡಿಗೆ ಯೋಜನೆ ರೂಪಿಸುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸಿದೆ.

ತಂತ್ರಜ್ಞಾನವೂ ದೂರದ್ದಲ್ಲ. ಎಡಗಾಲು ಮಾತ್ರ ದುರ್ಬಲವಾಗಿದ್ದರೆ ಕ್ಲಚ್ ಇಲ್ಲದ ಸ್ವಯಂಚಾಲಿತ ಗೇರಿನ ಕಾರೇ ಬಹುಮಟ್ಟಿಗೆ ಸಾಕು. ಎರಡೂ ಕಾಲು ಆಗದವರಿಗೆ ಬ್ರೇಕು, ಆಕ್ಸಿಲರೇಟರುಗಳನ್ನು ಕೈಯಿಂದಲೇ ನಡೆಸುವ ಸನ್ನೆಗೋಲುಂಟು. ತಮಿಳುನಾಡು ಸರ್ಕಾರ ಪಕ್ಕಚಕ್ರ ಜೋಡಿಸಿದ ಸ್ಕೂಟರುಗಳನ್ನು ಅರ್ಹರಿಗೆ ಉಚಿತವಾಗಿ ನೀಡುತ್ತ ಬಂದಿದೆ.

ಹಾಗಾದರೆ ತೊಡಕೆಲ್ಲಿ? ಪರೀಕ್ಷೆಗೆ ಮಾರ್ಪಡಿಸಿದ ವಾಹನ ಬೇಕು. ಚಾಲನಾ ಶಾಲೆಗಳಲ್ಲಿ ಅಂಥ ವಾಹನ ವಿರಳ. ಆದ್ದರಿಂದ ಕಲಿಯುವ ಮೊದಲೇ ಲಕ್ಷಾಂತರ ರೂಪಾಯಿ ತೆತ್ತು ಕಾರು ಕೊಳ್ಳಬೇಕು. ಓಡಿಸಲು ಸಾಧ್ಯವೇ ಎಂಬುದು ಆಮೇಲಷ್ಟೇ ತಿಳಿಯುತ್ತದೆ. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬ ಗಾದೆಯಂತಾಯಿತು.

ಬ್ಯಾಂಕಿನ ಮೇಜಿನ ಹಿಂದೆ ಕುಳಿತ ನಮ್ಮಂಥವರ ಪಾಲೂ ಇದರಲ್ಲಿದೆ. ಸಾಲದ ಲೆಕ್ಕ ಮಾರಾಟಗಾರರ ದರಪಟ್ಟಿಯ ಮೇಲೆ ನಿಲ್ಲುತ್ತದೆ; ಹೊರಗೆ ಮಾಡಿಸುವ ಮಾರ್ಪಾಡಿನ ವೆಚ್ಚ ಅದರಲ್ಲಿರುವುದಿಲ್ಲ. ಅಂಥ ಅರ್ಜಿ ಬಂದಾಗ ನಾವೂ ನಿಯಮವನ್ನೇ ತೋರಿಸಿದ್ದೇವೆ. ಬೆಂಗಳೂರಿನ ಮಾಲತಿ ಹೊಳ್ಳ ಗಾಲಿಕುರ್ಚಿಯಿಂದಲೇ ಕ್ರೀಡಾಂಗಣವನ್ನು ಗೆದ್ದು 2001ರಲ್ಲಿ ಪದ್ಮಶ್ರೀ ಪಡೆದರು. ಅವರು ಸಿಂಡಿಕೇಟ್ ಬ್ಯಾಂಕಿನ ಉದ್ಯೋಗಿಯಾಗಿದ್ದರು. ನಮ್ಮ ವೃತ್ತಿಬಾಂಧವರೊಬ್ಬರ ಬಗೆಗೆ ಹೆಮ್ಮೆಪಡುವ ನಾವು, ಮೇಜಿನ ಆಚೆ ಕುಳಿತವರಿಗೂ ಅಷ್ಟೇ ಗಮನ ಕೊಡಬೇಡವೇ?

ಪ್ರತಿ ಸಾರಿಗೆ ಕಚೇರಿಯ ವ್ಯಾಪ್ತಿಯಲ್ಲಿ ಒಂದಾದರೂ ಚಾಲನಾ ಶಾಲೆ ಕೈನಿಯಂತ್ರಣದ ಕಾರನ್ನು ಇಟ್ಟುಕೊಳ್ಳಲಿ. ಮಾರ್ಪಾಡಿನ ವೆಚ್ಚವೂ ವಾಹನ ಸಾಲದಲ್ಲಿ ಸೇರಲಿ. ಇಷ್ಟಾದರೆ ಆ ವೃದ್ಧ ತಂದೆ, ಮಗಳು ತಾನೇ ಕಾರು ಹತ್ತಿ ಹೊರಡುವುದನ್ನು ಬಾಗಿಲಲ್ಲಿ ನಿಂತು ನೋಡಿಯಾರು.